ಮುಂಡರಗಿ ಫೈಲಿಗೆ ಬಣ್ಣ ಬರಲಿಲ್ಲ

ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ನಿವೃತ್ತನಾದವನನ್ನು ಜನ ಮೊದಲು ಕೇಳುವುದು ಒಂದೇ ಮಾತು: "ಕಣ್ಣು ಹೆಂಗದಾವ್ರಿ?" ಚೆನ್ನಾಗಿವೆ ಎನ್ನುತ್ತೇನೆ. ಓದುವುದಕ್ಕೆ ಚಾಳೀಸು ಬೇಕು, ಅಷ್ಟೇ. ಆದರೆ ಕಣ್ಣು ಚೆನ್ನಾಗಿದ್ದೂ ಎದುರಿಗೆ ಇದ್ದದ್ದು ಕಾಣದೆ ಹೋದ ಸಂಗತಿಯೊಂದು ನನ್ನ ನೌಕರಿಯಲ್ಲಿ ನಡೆಯಿತು. ಈ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ಅದನ್ನು ಹೇಳಬೇಕೆಂದು ಬರೆಯಲು ಕೂತಿದ್ದೇನೆ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ?

ನಾನಿದ್ದದ್ದು ಗದಗಿನ ಒಂದು ಬೀಜದ ಕಂಪನಿಯಲ್ಲಿ. ಹೆಸರು ಬೇಡ. ಉಳ್ಳಾಗಡ್ಡಿ, ಹೆಸರುಕಾಳು, ಮೆಣಸಿನಕಾಯಿ, ಶೇಂಗಾ ಬೀಜವನ್ನು ರೈತರ ಹತ್ತಿರ ಬೆಳೆಸಿ, ಹಸನು ಮಾಡಿ, ಪರೀಕ್ಷಿಸಿ, ಪಾಕೀಟು ಮಾಡಿ ಮಾರುವ ವ್ಯವಹಾರ. ಕಚೇರಿ ಬೆಟಗೇರಿ ಕಡೆಗೆ, ಪ್ಯಾಕಿಂಗ್ ಶೆಡ್ಡು ಮಲ್ಲಸಮುದ್ರದ ಹತ್ತಿರ, ಮಾರಾಟದ ಶಾಖೆಗಳು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಕಂಪ್ಯೂಟರ್ ವಿಭಾಗ ಎಂದು ಬೋರ್ಡಿದ್ದ ಕೋಣೆಯಲ್ಲಿ ನಾನು ಮತ್ತು ಒಂದು ಮೇಜು ಫ್ಯಾನು.

ನನ್ನ ಕೆಲಸದ ಮುಖ್ಯ ಭಾಗ ಶೆಲ್ ಸ್ಕ್ರಿಪ್ಟ್ ಬರೆಯುವುದು. ಶೆಲ್ ಸ್ಕ್ರಿಪ್ಟ್ ಅಂದರೆ ಯಂತ್ರಕ್ಕೆ ಬರೆದಿಟ್ಟ ಚೀಟಿ. ಈ ಫೈಲು ಓದು, ಅಂಕಿ ಇಷ್ಟಕ್ಕಿಂತ ಕಡಿಮೆ ಇದ್ದರೆ ಇಲ್ಲಿ ಹಾಕು, ಇಲ್ಲದಿದ್ದರೆ ಅಲ್ಲಿ ಹಾಕು, ಮುಂಜಾನೆ ಆರಕ್ಕೆ ಕಳಿಸು. ಶಾಖೆಗೊಂದು ಸ್ಕ್ರಿಪ್ಟು, ಊರಿನ ಹೆಸರೇ ಅದರ ಹೆಸರು. ಅದು ದಿನಾ ಎರಡು ಪಟ್ಟಿ ಮಾಡುತ್ತಿತ್ತು: ಮಾರಬಹುದಾದ ಲಾಟುಗಳು, ತಡೆಹಿಡಿಯಬೇಕಾದ ಲಾಟುಗಳು. ಲಾಟು ಅಂದರೆ ಒಂದೇ ರಾಶಿಯಿಂದ ಬಂದ ಬೀಜ.

ಆ ಅಂಕಿ ಬರುತ್ತಿದ್ದದ್ದು ಶಾಂತಕ್ಕನಿಂದ. ಬೆಟಗೇರಿಯವರು, ನನಗಿಂತ ಎರಡು ವರ್ಷ ಮೊದಲು ಸೇರಿದವರು, ಮೊಳಕೆ ಪರೀಕ್ಷೆಯ ಕೋಣೆ ಅವರದು. ಪ್ರತಿ ಲಾಟಿನಿಂದ ನೂರು ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸಾಲಾಗಿ ಇಟ್ಟು ಸುತ್ತಿ, ಹೇಳಿದ ದಿನಕ್ಕೆ ಬಿಚ್ಚಿ, ಮೊಳೆತವನ್ನು ಎಣಿಸುವುದು. ಉಳ್ಳಾಗಡ್ಡಿ ನೂರಕ್ಕೆ ಎಪ್ಪತ್ತಾದರೂ ಮೊಳೆಯಬೇಕು. ಎಣಿಸಿದ್ದನ್ನು ಮೊದಲು ತಮ್ಮ ಪುಸ್ತಕದಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ತಾವೇ ಹಾಕುತ್ತಿದ್ದರು. ಚಪ್ಪಲಿ ಮೆಟ್ಟಿ ಒಳಗೆ ಕಾಲಿಟ್ಟರೆ ಸಾಹೇಬರನ್ನೂ ಹೊರಗೆ ನಿಲ್ಲಿಸುವ ಹೆಣ್ಣುಮಗಳು.

ನನ್ನ ಮೊದಲ ಮೇಲಧಿಕಾರಿ ದೇಸಾಯಿ ಸಾಹೇಬರು. ತಲೆಯ ಮೇಲೆ ಶ್ರೀ ಇಲ್ಲದ ಕಾಗದಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ. ನಾನು ಮೊದಲ ಸಲ ಪ್ರಿಂಟ್ ತೆಗೆದ ಪಟ್ಟಿಯನ್ನು ಒಯ್ದಾಗ ಕನ್ನಡಕದ ಮೇಲಿಂದ ನೋಡಿದರು.

"ಏನ್ರಿ ಕುಲಕರ್ಣಿ, ಶ್ರೀಕಾರ ಎಲ್ಲೈತಿ?"

"ಮಶೀನ್ ತಗದ ಕಾಗದ್ರಿ ಸಾಹೇಬರ."

"ಮಶೀನ್ ಆದ್ರೇನು, ಅದರ ಅಪ್ಪ ಆದ್ರೇನು. ಮ್ಯಾಲ ಬರೀರಿ. ಆಮ್ಯಾಲ ತರ್ರಿ."

ನನಗೂ ಮನೆಯಲ್ಲಿ ಅದೇ ರೂಢಿ. ಪಾಟಿಯ ಮೇಲೆ ಮೊದಲು ಶ್ರೀ, ಕೆಳಗೆ ಅ ಆ. ಹೀಗಾಗಿ ಸಾಹೇಬರ ಹಟ ನನಗೆ ಹಟ ಅನ್ನಿಸಲಿಲ್ಲ. ಅವರು ನಿವೃತ್ತರಾದ ಮೇಲೂ ಕೈ ತಾನಾಗಿ ಬರೆಯುತ್ತಿತ್ತು.

ಆಗಿನ ಪರದೆಗಳಲ್ಲಿ ಬಣ್ಣ ಇರಲಿಲ್ಲ. ಕಪ್ಪಿನ ಮೇಲೆ ಹಸಿರು ಅಕ್ಷರ. ಬರೆಯುವ ಎಡಿಟರಿನಿಂದ ಹೊರಗೆ ಬರುವುದು ಹೇಗೆಂದು ತಿಳಿಯದೆ ನಾನು ಮೊದಲ ವಾರ ಎರಡು ಸಲ ಕರೆಂಟಿನ ಬಟನ್ನೇ ಆರಿಸಿದ್ದೇನೆ. ಆಮೇಲೆ ಬಂದದ್ದು ಬಣ್ಣ ಹಚ್ಚುವ ಎಡಿಟರು. ಆಜ್ಞೆಯ ಪದಕ್ಕೆ ಒಂದು ಬಣ್ಣ, ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಇನ್ನೊಂದು, ಯಂತ್ರ ಓದದೆ ಬಿಡುವ, ನಮಗಾಗಿ ಬರೆದುಕೊಂಡ ಟಿಪ್ಪಣಿಗೆ ಮತ್ತೊಂದು. ನಾನು ಸೀದಾ ಅದನ್ನು ಆಫ್ ಮಾಡಿದೆ. ಕೋಡಿಗೆ ಬಣ್ಣ ಬಳಿದ ಮಾತ್ರಕ್ಕೆ ಎತ್ತು ಜೋರು ನಡೆಯುತ್ತದೆಯೇ ಎಂದು ಗದಗ ಶಾಖೆಯವರಿಗೆ ಉಪದೇಶ ಬೇರೆ ಮಾಡಿದೆ.

ಬಣ್ಣದ ಜೊತೆ ನನ್ನ ಮೊದಲ ಜಗಳ ಲಕ್ಷ್ಮೇಶ್ವರದಲ್ಲಿ. ಅಲ್ಲಿನ ಶಾಖೆ ನೋಡುತ್ತಿದ್ದ ಖಾದರಸಾಬ ಫೋನು ಮಾಡಿದರು.

"ಸರ್, ನೀವು ಫೈಲಿನ್ಯಾಗ ಬರದ ಟಿಪ್ಪಣಿ ಯಾರೋ ಅಳಿಸ್ಯಾರ್ರಿ. ಜಾಗಾ ಐತಿ, ಅಕ್ಷರ ಇಲ್ಲ."

ಬಸ್ಸು ಹಿಡಿದು ಹೋದೆ. ಅಕ್ಷರ ಎಲ್ಲಿಗೂ ಹೋಗಿರಲಿಲ್ಲ. ಟಿಪ್ಪಣಿಯ ಬಣ್ಣ ಕಡುನೀಲಿ, ಪರದೆ ಕಪ್ಪು. ಎಡಿಟರಿಗೆ "ಹಿನ್ನೆಲೆ ಕಪ್ಪು ಇದೆ" ಎಂದು ತಿಳಿಸುವ ಒಂದು ಸಾಲು ಸೆಟ್ಟಿಂಗಿನಲ್ಲಿ ಬರೆದರೆ ತಿಳಿನೀಲಿಯಾಗುತ್ತದೆ. ಒಂದು ಸಾಲಿಗೆ ಒಂದು ದಿನ ಹೋಯಿತು. ಖಾದರಸಾಬರು ಚಹಾ ಕುಡಿಸಿ, "ಅಳಿಸಿದವ ಸಿಕ್ಕನೇನ್ರಿ?" ಎಂದು ಕೇಳಿದರು.

ಎರಡನೆಯದು ಶಿರಹಟ್ಟಿಯದು. ಮಾಗಡಿ ಕೆರೆಗೆ ಹಕ್ಕಿಗಳು ಬರುವ ಚಳಿಗಾಲ, ಬಸ್ಸಿನ ಕಿಟಕಿಯಿಂದ ಅವನ್ನೇ ನೋಡುತ್ತ ಹೋಗಿದ್ದೆ. ಅಲ್ಲಿನ ಸ್ಕ್ರಿಪ್ಟು ಅರ್ಧಕ್ಕೆ ನಿಲ್ಲುತ್ತಿತ್ತು. ಮೂರು ಸಲ ಓದಿದೆ, ತಪ್ಪು ಕಾಣಲಿಲ್ಲ. ಬೇಸತ್ತು ಆಫ್ ಮಾಡಿದ್ದ ಬಣ್ಣವನ್ನು ಆನ್ ಮಾಡಿದೆ. ನಡುವಿನ ಒಂದು ಸಾಲಿನಿಂದ ಕೊನೆಯವರೆಗೆ ಇಡೀ ಫೈಲು ಒಂದೇ ಕೆಂಪು! ಆ ಸಾಲಿನಲ್ಲಿ ಉದ್ಧರಣ ಚಿಹ್ನೆ ತೆರೆದಿದ್ದೆ, ಮುಚ್ಚಿರಲಿಲ್ಲ. ಮುಂದಿನದೆಲ್ಲವೂ ಚಿಹ್ನೆಯೊಳಗಿನ ಮಾತು ಎಂದು ಎಡಿಟರು ತಿಳಿದಿತ್ತು, ಯಂತ್ರವೂ ಹಾಗೆಯೇ ತಿಳಿದಿತ್ತು.

ಅಂದಿನಿಂದ ನಾನು ಬಣ್ಣದ ಭಕ್ತನಾದೆ. ಎಷ್ಟೆಂದರೆ ನನ್ನವೇ ಪದಗಳನ್ನೂ ಸೇರಿಸಿದೆ. ಟಿಪ್ಪಣಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ನೋಡು" ಎಂದೋ "ಮುಟ್ಟಬೇಡ" ಎಂದೋ ಬರೆದರೆ ಅದು ಕೆಂಪಾಗಿ ಎದ್ದು ಕಾಣಬೇಕು, ಶೆಲ್ ಸ್ಕ್ರಿಪ್ಟಿನಲ್ಲಿ ಮಾತ್ರ. ಹೀಗೊಂದು ಸೆಟ್ಟಿಂಗ್ ಮಾಡಿಟ್ಟೆ. ಯಾವ ಸಾಲಿಗೆ ಕೈ ಹಚ್ಚಬಾರದು ಎಂದು ನನಗೇ ಮರೆತುಹೋಗುವ ವಯಸ್ಸು ಬರುತ್ತಿತ್ತಲ್ಲ. ಬಣ್ಣ ಎಂದರೆ ನಾನು ಬರೆದದ್ದನ್ನು ಎಡಿಟರು ಏನೆಂದು ತಿಳಿದುಕೊಂಡಿತು ಎಂಬುದರ ಸೂಚನೆ. ಇದನ್ನು ಶಿರಹಟ್ಟಿಯಲ್ಲಿ ಕಲಿತೆ. ಕಲಿತದ್ದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ ಎಂಬುದು ಮುಂದಿನ ಕಥೆ.

ನನ್ನ ನೌಕರಿ ಇನ್ನೊಂದು ವರ್ಷ ಇರುವಾಗ ಹಳೆಯ ಸರ್ವರ್ ತೆಗೆದು ಹೊಸದನ್ನು ತಂದರು. ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿದೆ, ಎಡಿಟರಿನ ಸೆಟ್ಟಿಂಗನ್ನೂ ಸಾಗಿಸಿದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಫೈಲು ತೆರೆದರೆ ಎಲ್ಲ ಬಣ್ಣ ಸರಿ. ಮುಂಡರಗಿ ಫೈಲು ತೆರೆದರೆ ಟಿಪ್ಪಣಿಗಳಿಗೆ ಮಾತ್ರ ಬಣ್ಣ, ಆಜ್ಞೆಯ ಪದಗಳೆಲ್ಲ ಬೋಳು. ನನ್ನ "ನೋಡು", "ಮುಟ್ಟಬೇಡ" ಕೂಡ ಕೆಂಪಾಗಲಿಲ್ಲ.

ಎರಡು ದಿನ ಅದರ ಹಿಂದೆ ಬಿದ್ದೆ. ಬಣ್ಣದ ಥೀಮ್ ಬದಲಿಸಿ ನೋಡಿದೆ. ಸೆಟ್ಟಿಂಗ್ ಫೈಲನ್ನು ಮತ್ತೆ ತಂದು ಹಾಕಿದೆ. ಪದಗಳ ಪಟ್ಟಿಯನ್ನು ಹೊಸದಾಗಿ ಟೈಪು ಮಾಡಿದೆ. ಕೊನೆಗೆ ಎಡಿಟರನ್ನೇ ಕೇಳಿದೆ: ಇದು ಯಾವ ಜಾತಿಯ ಫೈಲು ಎಂದು ತಿಳಿದಿದ್ದೀ? ಹಾಗೆ ಕೇಳುವ ಆಜ್ಞೆ ಇದೆ. ಉಳಿದ ಮೂರಕ್ಕೆ ಅದು "ಶೆಲ್" ಎಂದಿತು. ಮುಂಡರಗಿಗೆ ಮಾತ್ರ, ಇದೇನೋ ಸೆಟ್ಟಿಂಗಿನ ಫೈಲು ಇರಬೇಕು ಎಂದಿತು.

ಯಾಕೆ ಹಾಗೆ ತಿಳಿಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. "ಮುಂಡರಗಿ ಎಂಬ ಹೆಸರಿನ ಫೈಲು ಬಂದರೆ ಅದನ್ನು ಶೆಲ್ ಎಂದೇ ತಿಳಿ" ಎಂದು ಒಂದು ಸಾಲು ಬರೆದು ಅದರ ಬಾಯಿ ಮುಚ್ಚಿಸಿದೆ. ತೆರೆದು ನೋಡಿದರೆ ಪೂರಾ ಬಣ್ಣ. ಆ ದಿನ ಮನೆಗೆ ಹೋಗುವಾಗ ಗೆದ್ದ ಖುಷಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಹೋದೆ.

ಮೂರು ವಾರವಾದ ಮೇಲೆ ಮುಂಡರಗಿ ಶಾಖೆಯಿಂದ ಫೋನು ಬಂತು. ಡಂಬಳದ ರೈತರೊಬ್ಬರು ಖಾಲಿ ಪಾಕೀಟು ಹಿಡಿದು ಬಂದು ಕೂತಿದ್ದಾರೆ, ಉಳ್ಳಾಗಡ್ಡಿ ಸಸಿಮಡಿಯಲ್ಲಿ ಅರ್ಧ ಸಹ ಹುಟ್ಟಿಲ್ಲ ಎಂದು. ಆಗ ಮ್ಯಾನೇಜರಾಗಿದ್ದವರು ಪಾಟೀಲ ಸಾಹೇಬರು. ಲಾಟಿನ ನಂಬರು ತೆಗೆಸಿದರು. ಅದು ಮುಂಡರಗಿಗೆ ಮಾತ್ರ ಹೋದ ಲಾಟು, ಮಾರಬಹುದಾದ ಪಟ್ಟಿಯಲ್ಲಿ ಇತ್ತು. ಶಾಂತಕ್ಕನನ್ನೂ ನನ್ನನ್ನೂ ಕರೆಸಿದರು.

ಶಾಂತಕ್ಕ ಪುಸ್ತಕ ಬಿಚ್ಚಿ ತೋರಿಸಿದರು. ನೂರಕ್ಕೆ ನಲವತ್ತೊಂದು. ಕಂಪ್ಯೂಟರಿನಲ್ಲೂ ನಲವತ್ತೊಂದೇ ಇತ್ತು.

"ಮತ್ತ ಪಟ್ಟ್ಯಾಗ ಪಾಸ್ ಅಂತ ಹೆಂಗ ಬಂತು?" ಎಂದರು ಪಾಟೀಲರು ನನ್ನ ಕಡೆ ತಿರುಗಿ.

"ನನ್ನ ಸ್ಕ್ರಿಪ್ಟ್ ಸರಿ ಐತ್ರಿ. ಈಗ ಬೇಕಾದ್ರ ನಿಮ್ಮ ಮುಂದನ ಓಡಿಸಿ ತೋರಸ್ತೇನಿ" ಎಂದೆ.

ಅಲ್ಲೇ ಕೂತು ಮುಂಡರಗಿ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ. ಆ ಲಾಟು ತಡೆಯುವ ಪಟ್ಟಿಗೆ ಹೋಗಿ ಬಿತ್ತು. ಸರಿಯಾಗಿಯೇ ಇತ್ತು. ಪಾಟೀಲರು ಶಾಂತಕ್ಕನನ್ನು ನೋಡಿದರು.

"ಹಂಗಾರ ಅವತ್ತ ನೀವು ನಾಕರ ಬದಲಿ ಏಳು ಒತ್ತೀರಿ. ಎಪ್ಪತ್ತೊಂದು ಆಗೇತಿ. ಆಮ್ಯಾಲ ಸುಮ್ಮನ ತಿದ್ದೀರಿ."

ಅಂಕಿಗಳೆಲ್ಲ ಒಂದೇ ಫೈಲಿನಲ್ಲಿ, ಶಾಂತಕ್ಕ ದಿನಾ ಅದನ್ನು ತೆರೆದು ಹೊಸದನ್ನು ಸೇರಿಸುತ್ತಿದ್ದರು. ಹಳೆಯದನ್ನು ತಿದ್ದಿದರೋ ಇಲ್ಲವೋ ಎಂದು ತಿಳಿಯಲು ದಾರಿ ಇರಲಿಲ್ಲ.

"ನಾ ತಿದ್ದಿಲ್ರಿ" ಎಂದರು ಶಾಂತಕ್ಕ. ಆಮೇಲೆ ನನ್ನನ್ನು ನೋಡಿ, "ಕುಲಕರ್ಣಿಯವರ, ಹಂಗಾರ ನಾ ಸುಳ್ಳ ಹೇಳಾಕತ್ತೇನಂತೀರಿ?"

ನಾನು ಅಂದದ್ದು ಹೀಗೆ: "ಮಶೀನ್ ಏನ್ ಕೊಟ್ರ ಅದನ್ನ ಮಾಡತೈತ್ರಿ."

ಆ ಒಂದು ಮಾತು ಸಾಕಾಯಿತು. ಮರುದಿನದಿಂದ ಶಾಂತಕ್ಕನನ್ನು ಮಲ್ಲಸಮುದ್ರದ ಪ್ಯಾಕಿಂಗ್ ಶೆಡ್ಡಿಗೆ ಹಾಕಿದರು. ಪಗಾರ ಅಷ್ಟೇ. ಆದರೆ ಪರೀಕ್ಷೆ ಕೋಣೆಯ ಕೀಲಿ ಮೂವತ್ತೊಂದು ವರ್ಷ ಅವರ ಸೆರಗಿನ ಗಂಟಿನಲ್ಲಿ ಇತ್ತು. ಅದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ಹೋದರು. ನನಗೆ ಕೆಡುಕೆನಿಸಿತು, ಆದರೆ ನಾನು ತಪ್ಪು ಮಾಡಿದ್ದೇನೆ ಎಂದು ಅನ್ನಿಸಲಿಲ್ಲ. ನನ್ನ ಕಣ್ಣಾರೆ ನೋಡಿದ್ದೆನಲ್ಲ.

ಹತ್ತನೆಯ ದಿನ ಶೆಡ್ಡಿನ ಲೇಬಲ್ ಪ್ರಿಂಟರ್ ಕೆಟ್ಟಿತೆಂದು ಮಲ್ಲಸಮುದ್ರಕ್ಕೆ ಹೋದೆ. ಬೀಜಕ್ಕೆ ಹುಳ ಹತ್ತದಂತೆ ಗುಲಾಬಿ ಬಣ್ಣದ ಔಷಧದ ಪುಡಿ ಹಚ್ಚುತ್ತಾರೆ. ಅಲ್ಲಿ ಕೆಲಸ ಮಾಡುವವರ ಕೈಗಳೆಲ್ಲ ಗುಲಾಬಿ. ಊಟದ ಹೊತ್ತಾಗಿತ್ತು. ಶಾಂತಕ್ಕ ನಳದ ಮುಂದೆ ನಿಂತು ಸಾಬೂನಿನಿಂದ ಕೈ ತೊಳೆಯುತ್ತಿದ್ದರು. ಎಷ್ಟು ತಿಕ್ಕಿದರೂ ಉಗುರಿನ ಸುತ್ತ ಬಣ್ಣ ಹೋಗುತ್ತಿರಲಿಲ್ಲ.

ಮಾತಾಡದೆ ಹೊರಡಲು ಆಗಲಿಲ್ಲ. ಅವರು ದೂರ ಕೂತು ರೊಟ್ಟಿಯ ಗಂಟು ಬಿಚ್ಚಿದರು, ನಾನು ಎದುರಿಗೆ ಹೋಗಿ ಕೂತೆ. ನನ್ನದು ತಪ್ಪಿಲ್ಲ ಎಂದು ಅವರ ಬಾಯಿಂದಲೇ ಕೇಳುವ ಆಸೆ ಇತ್ತೇನೋ. ಆ ಫೈಲನ್ನು ಎಷ್ಟು ಕಾಳಜಿಯಿಂದ ನೋಡಿಕೊಂಡಿದ್ದೇನೆ ಎಂದು ಹೇಳತೊಡಗಿದೆ. ಹೊಸ ಯಂತ್ರದಲ್ಲಿ ಮೂರು ಫೈಲಿಗೆ ಬಣ್ಣ ತಾನಾಗಿ ಬಂದದ್ದು, ಮುಂಡರಗಿಗೆ ಬಾರದೆ ಇದ್ದದ್ದು, ಎರಡು ದಿನ ಕೂತು ನಾನೇ ಹಚ್ಚಿದ್ದು, ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಮೂರಕ್ಕ ತಾನ ಬಂತು, ನಾಕನೇದಕ್ಕ ನೀವು ಹಚ್ಚಿದ್ರಿ?"

"ಹೌದ್ರಿ."

"ಯಾಕ ಬರಲಿಲ್ಲ ಅಂತ ನೋಡಿದ್ರೇನು?"

"ಇಲ್ರಿ" ಎಂದೆ.

"ನೋಡ್ರಿ," ಎಂದು ತಮ್ಮ ಕೈ ಮುಂದೆ ಚಾಚಿದರು. "ಈ ಗುಲಾಬಿ ಪುಡಿ ಸತ್ತ ಬೀಜಕ್ಕ ಹಚ್ಚಿದ್ರೂ ಅಷ್ಟ ಚಂದ ಕಾಣತೈತಿ. ಅದಕ್ಕ ನಾವು ಪುಡಿ ಹಚ್ಚೂಕಿಂತ ಮೊದಲ ಮೊಳಕಿ ನೋಡೂದು."

ಪ್ರಿಂಟರನ್ನು ಹೇಗೆ ಸರಿ ಮಾಡಿದೆನೋ ನೆನಪಿಲ್ಲ. ಕಚೇರಿಗೆ ಬಂದವನೇ ಸೆಟ್ಟಿಂಗಿನಲ್ಲಿ ನಾನು ಒತ್ತಾಯದಿಂದ ಬರೆದಿದ್ದ ಸಾಲನ್ನು ತೆಗೆದೆ. ಮುಂಡರಗಿ ಫೈಲು ಮತ್ತೆ ಬೋಳಾಯಿತು. ಲಕ್ಷ್ಮೇಶ್ವರದ ಫೈಲನ್ನು ಪಕ್ಕದಲ್ಲಿ ತೆರೆದೆ. ಅದರ ಮೊದಲ ಸಾಲು #!/bin/bash. ಇದನ್ನು ಬ್ಯಾಶ್ ಎಂಬ ಶೆಲ್ ಓದಬೇಕು ಎಂದು ಯಂತ್ರಕ್ಕೆ ತಿಳಿಸುವ ಸಾಲು ಅದು. ಮುಂಡರಗಿಯಲ್ಲೂ ಆ ಸಾಲಿತ್ತು, ಆದರೆ ಎರಡನೆಯದಾಗಿ. ಮೊದಲ ಸಾಲಿನಲ್ಲಿ ಟಿಪ್ಪಣಿಯ ಗುರುತು ಹಾಕಿ ಬರೆದಿತ್ತು: ಶ್ರೀ.

ಬರೆದವನು ನಾನೇ. ಉಳಿದ ಮೂರು ಸ್ಕ್ರಿಪ್ಟು ಮೊದಲಿಗೆ ಹೊರಗಿನವರು ಬರೆದುಕೊಟ್ಟವು, ನಾನು ತಿದ್ದುತ್ತ ಬೆಳೆಸುತ್ತ ಬಂದವು. ಮುಂಡರಗಿ ಶಾಖೆ ಎಲ್ಲಕ್ಕಿಂತ ಕೊನೆಗೆ ತೆರೆದದ್ದು, ಅದರದು ಮಾತ್ರ ನಾನು ಸ್ವತಃ ಬರೆದ ಮೊದಲ ಸ್ಕ್ರಿಪ್ಟು. ಶಾಖೆಯ ಪೂಜೆಯ ದಿನವೇ, ಕುಂಕುಮ ಹಚ್ಚಿದ ಕಂಪ್ಯೂಟರಿನಲ್ಲಿ ಬರೆದಿದ್ದೆ. ಶ್ರೀ ಬರೆಯದೆ ಶುರು ಮಾಡುವುದು ನನಗೆ ಆಗುತ್ತಿರಲಿಲ್ಲ. ಹಳೆಯ ಸರ್ವರಿನ ಎಡಿಟರು ಎಲ್ಲ ಫೈಲನ್ನೂ ಶೆಲ್ ಎಂದೇ ತಿಳಿಯುತ್ತಿತ್ತು, ಹಾಗಾಗಿ ಇದು ಇಷ್ಟು ವರ್ಷ ಬಯಲಾಗಿರಲಿಲ್ಲ.

ಶ್ರೀಯನ್ನು ಎರಡನೆಯ ಸಾಲಿಗೆ ಇಳಿಸಿ ಫೈಲು ಮುಚ್ಚಿ ತೆರೆದೆ. ಬಣ್ಣ ತಾನಾಗಿ ಬಂತು. "ಮುಟ್ಟಬೇಡ" ಕೆಂಪಗೆ ಎದ್ದು ನಿಂತಿತು. ಸಂತೋಷಪಡುವ ಹೊತ್ತಲ್ಲ ಅದು. ಎಡಿಟರು ಆ ಸಾಲನ್ನು ಮೊದಲ ಜಾಗದಲ್ಲಿ ಮಾತ್ರ ಹುಡುಕುತ್ತದೆ ಎಂದಾದರೆ, ಯಂತ್ರವೂ ಅಲ್ಲಿಯೇ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ?

ಹೊಸಬರು ಈ ಭಾಗವನ್ನು ಎರಡು ಸಲ ಓದಿ. ಸಿಗದಿದ್ದರೆ, ಯಾರು ಓಡಿಸಿದರೋ ಅವರ ಶೆಲ್ಲೇ ಅದನ್ನು ಓದುತ್ತದೆ. ನಾನು ಕೈಯಾರೆ ಓಡಿಸಿದಾಗ ನನ್ನ ಶೆಲ್ ಬ್ಯಾಶ್, ಹಾಗಾಗಿ ಎಲ್ಲ ಸರಿ. ಮುಂಜಾನೆ ಆರಕ್ಕೆ ತಾನಾಗಿ ಓಡಿದಾಗ ಓದುವುದು ಯಂತ್ರದ ಸಾಧಾರಣ ಶೆಲ್. ಹಳೆಯ ಸರ್ವರಿನಲ್ಲಿ ಆ ಹೆಸರಿನಲ್ಲಿ ಇದ್ದದ್ದೂ ಬ್ಯಾಶೇ. ಹೊಸದರಲ್ಲಿ ಬೇರೆ ಸಣ್ಣ ಶೆಲ್ ಇತ್ತು. ಎಪ್ಪತ್ತಕ್ಕಿಂತ ಕಡಿಮೆಯೇ ಎಂದು ಕೇಳಲು ನಾನು ಬಳಸಿದ್ದ ಜೋಡಿ ಚೌಕ ಕಂಸ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅದು "ಅಲ್ಲ" ಎಂದು ತಿಳಿದು "ಇಲ್ಲದಿದ್ದರೆ" ಎಂಬ ದಾರಿ ಹಿಡಿಯುತ್ತದೆ. ಆ ದಾರಿ ಹೋಗಿ ಮುಟ್ಟುವುದು ಮಾರಬಹುದಾದ ಪಟ್ಟಿಗೆ. "ಇದು ನನಗೆ ತಿಳಿಯುತ್ತಿಲ್ಲ" ಎಂದು ಅದು ದಿನಾ ಮುಂಜಾನೆ ಹೇಳುತ್ತಲೇ ಇತ್ತು. ಅಂಥ ದೂರುಗಳನ್ನೆಲ್ಲ ಎಸೆದುಬಿಡು ಎಂದು ಹಿಂದೊಮ್ಮೆ ನಾನೇ ಬರೆದಿದ್ದೆ.

ಹಳೆಯ ಫೈಲನ್ನು ಆ ಸಣ್ಣ ಶೆಲ್ಲಿನಿಂದ ಓಡಿಸಿ ನೋಡಿದೆ. ನಲವತ್ತೊಂದರ ಲಾಟು ಪಾಸಾಯಿತು. ಪರೀಕ್ಷೆಗೆಂದು ಸೊನ್ನೆ ಹಾಕಿದೆ. ಅದೂ ಪಾಸಾಯಿತು.

ಪಾಟೀಲ ಸಾಹೇಬರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಸರಿ ಮಾಡಿದ್ರಲ್ಲ? ಆತು. ಉಳದ ಪಾಕೀಟು ಹೊಳ್ಳಿ ತರಸೂಣು, ಡಂಬಳದವ್ರಿಗೆ ಹೊಸಾ ಬೀಜ ಕೊಡೂಣು. ಶಾಂತಕ್ಕನ್ನ ದೀಪಾವಳಿ ಆದ ಮ್ಯಾಲ ಕರಸೂಣಂತ. ನಿಮಗ ಇನ್ನ ಒಂದ ವರ್ಷ ಉಳದೈತಿ, ಯಾಕ ಹೆಸರು ಕೆಡಿಸ್ಕೋತೀರಿ?"

ನಾನು "ಹೂಂ ರಿ" ಎಂದೆ. ಸುಳ್ಳು ಹೇಳುವುದಿಲ್ಲ, ಹೂಂ ಎಂದು ಹೊರಗೆ ಬಂದೆ. ಮೈ ಹಗುರಾಯಿತು ಕೂಡ. ನನ್ನ ಕೋಣೆಗೆ ಹೋಗುವ ದಾರಿಯಲ್ಲಿ ಪರೀಕ್ಷೆ ಕೋಣೆ. ಒಳಗೆ ಹೊಸಬರು ಯಾರೋ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಅಲ್ಲಿ ನಿಂತೆ. ಇದು ಕೂಡ ಸತ್ತ ಬೀಜಕ್ಕೆ ಗುಲಾಬಿ ಪುಡಿ ಹಚ್ಚಿದ ಹಾಗೆಯೇ ಎಂದು ಆಗ ತಿಳಿಯಿತು, ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಹೊಳ್ಳಿ ಹೋದೆ.

"ಸಾಹೇಬರ, ನಾ ಹೇಳಿದ ಮಾತಿನ ಮ್ಯಾಲ ಅವರನ್ನ ಕಳಿಸೀರಿ. ನಾನ ಹೇಳಿ ಕರಕೊಂಡ ಬರಬೇಕು. ದೀಪಾವಳಿಗೆ ಅಲ್ಲ, ನಾಳೆ."

ನಾಲ್ಕೂ ಶಾಖೆಗಳಿಗೆ ಕಾಗದ ಬರೆದೆ: ಅಂಕಿ ಸರಿಯಿತ್ತು, ಸ್ಕ್ರಿಪ್ಟು ತಪ್ಪಿತ್ತು, ಬರೆದವನು ನಾನು. ಕಾಗದದ ತಲೆಯ ಮೇಲೆ ಶ್ರೀ ಬರೆದೆ. ಕಾಗದಕ್ಕೆ ಅದು ಸಲ್ಲುತ್ತದೆ.

ಮರುದಿನ ಶೆಡ್ಡಿನಲ್ಲಿ ಎಲ್ಲರ ಎದುರು ಅದನ್ನು ಓದಿ, ಕೀಲಿಯನ್ನು ಶಾಂತಕ್ಕನ ಮುಂದೆ ಹಿಡಿದೆ. "ತಪ್ಪು ನಂದ್ರಿ ಅಕ್ಕಾರ" ಎಂದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ನನ್ನ ಎಣಿಕಿ ಸರಿ ಐತಿ ಅಂತ ನನಗ ಗೊತ್ತಿತ್ರಿ. ನಿಮಗ ಗೊತ್ತಾಗಾಕ ಹನ್ನೊಂದು ದಿನ ಹಿಡೀತು, ಅಷ್ಟ."

ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಕೋಣೆಗೆ ಮರಳಿದ ದಿನದಿಂದ ಶಾಂತಕ್ಕ ಹೊಸ ಪದ್ಧತಿ ಹಾಕಿದರು. ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಅವನ್ನೇ ಒಂದು ಚೀಟಿಯಲ್ಲಿ ಬರೆದು ನನ್ನ ಮೇಜಿಗೆ ತರುತ್ತಿದ್ದರು.

"ನೋಡಿ ಸಹಿ ಮಾಡ್ರಿ."

ಸಹಿ ಮಾಡುತ್ತಿದ್ದೆ. ಚೀಟಿ ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಮೊದಲಿನಂತೆ ನಿಂತು ಮಾತಾಡುತ್ತಿರಲಿಲ್ಲ, ಚಹಾ ಕುಡಿಯಿರಿ ಎಂದರೆ ಆಗಿದೆ ಎನ್ನುತ್ತಿದ್ದರು. ಪಾಟೀಲ ಸಾಹೇಬರು ಒಮ್ಮೆ, ಇದೆಲ್ಲ ಯಾಕ್ರಿ ಎಂದು ಕೇಳಿದ್ದಕ್ಕೆ, "ಇರಲ್ರಿ" ಎಂದಷ್ಟೇ ಹೇಳಿದರಂತೆ. ಒಂದು ವರ್ಷ, ಒಂದು ದಿನವೂ ತಪ್ಪಲಿಲ್ಲ. ಪ್ರತಿ ಸಹಿಗೂ ಆ ದಿನ ನಾನಾಡಿದ ಮಾತು ನೆನಪಾಗುತ್ತಿತ್ತು. ಬೇಡ ಅನ್ನುವ ಅಧಿಕಾರ ನನಗಿರಲಿಲ್ಲ.

ಮುಂಡರಗಿ ಫೈಲಿನಲ್ಲಿ ಈಗ ಮೊದಲ ಸಾಲು ಬ್ಯಾಶಿನದು, ಎರಡನೆಯದು ಶ್ರೀ, ಮೂರನೆಯದು ಕೆಂಪಾಗಿ ಕಾಣುವ ಒಂದು ಮಾತು: ನೋಡು, ಬಣ್ಣ ಬಾರದಿದ್ದರೆ ಹಚ್ಚಬೇಡ, ಯಾಕೆ ಬರಲಿಲ್ಲ ಎಂದು ಕೇಳು. ದೂರುಗಳನ್ನು ಎಸೆಯುವ ಸಾಲನ್ನು ಕಿತ್ತುಹಾಕಿದ್ದೇನೆ. ನನ್ನ ಜಾಗಕ್ಕೆ ಬಂದವರಿಗೆ ಬಿಟ್ಟುಕೊಟ್ಟ ಆಸ್ತಿ ಇಷ್ಟೇ.

ನನ್ನ ಕೊನೆಯ ದಿನ ಹಾರ, ಶಾಲು, ಭಾಷಣ ಎಲ್ಲ ಮುಗಿದು, ಡ್ರಾವರಿನಲ್ಲಿದ್ದದ್ದನ್ನು ಚೀಲಕ್ಕೆ ತುಂಬುತ್ತಿದ್ದೆ. ಶಾಂತಕ್ಕ ಎಂದಿನ ಹೊತ್ತಿಗೆ ಚೀಟಿ ಹಿಡಿದು ಬಂದರು. ಪೆನ್ನು ಚೀಲದ ತಳಕ್ಕೆ ಹೋಗಿತ್ತು. ಕೈ ಹಾಕಿ ಹುಡುಕತೊಡಗಿದೆ.

"ಇರಲ್ರಿ ಕುಲಕರ್ಣಿಯವರ," ಎಂದು ಚೀಟಿಯನ್ನು ಮೇಜಿನ ಮೇಲೆ ಇಟ್ಟರು. "ಇವತ್ತ ಸಹಿ ಬ್ಯಾಡ."

ಆಮೇಲೆ ಎದುರಿನ ಕುರ್ಚಿ ಎಳೆದು ಕೂತು, ಚಹಾ ತರಿಸಿರಿ ಎಂದರು.